ಮುಂಭಾರ, ಹಿಂಭಾರ

ಮೋಟಾರ್ ಸೈಕಲ್ಲಿನ ಬೆನ್ನಿಗೆ ಸಾಮಾನು ಹೇರುವ ಒಂದು ಗಾಡಿಯನ್ನು ಕಟ್ಟಬೇಕಾದರೆ ಎಂಥದನ್ನು ಆರಿಸಬೇಕು? ಬಾನುಲಿಯಲ್ಲಿ ಮಾತನಾಡಲು ಕುಳಿತವನು ಕಾವ್ಯದ ವಿಷಯವನ್ನೋ ಇತಿಹಾಸದ ವಿಷಯವನ್ನೋ ಎತ್ತಿಕೊಳ್ಳುವುದು ವಾಡಿಕೆ. ಇದೇನು ಕಮ್ಮಾರಸಾಲೆಯ ಮಾತು ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನಿಸದಿರದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಾದಿಯಲ್ಲಿ ಚಳಿಗಾಲದ ಒಂದು ಸಂಜೆಯನ್ನು ಕಳೆದವರಿಗೆ ಈ ಪ್ರಶ್ನೆ ವಿಚಿತ್ರವೆನಿಸಲಾರದು. ನಮ್ಮ ಸೀಮೆಯಲ್ಲಿ ಚಲಿಸುವುದೆಲ್ಲ ಬೆನ್ನ ಹಿಂದೆ ಏನನ್ನಾದರೂ ಎಳೆದುಕೊಂಡೇ ಚಲಿಸುತ್ತದೆ. ಎತ್ತಿನ ಹಿಂದೆ ಚಕ್ಕಡಿ, ಟ್ರ್ಯಾಕ್ಟರಿನ ಹಿಂದೆ ಟ್ರೇಲರ್, ಆ ಟ್ರೇಲರಿನ ಹಿಂದೆ ಮತ್ತೊಂದು ಟ್ರೇಲರ್. ಹಳ್ಳಿಯವರ ಬಾಯಲ್ಲಿ ಈ ಶಬ್ದ ಸವೆದು ‘ಟೇಲರ’ ಆಗಿದೆ. ಹೀಗಾಗಿ ಅಂಗಿ ಹೊಲಿಯುವವನೂ ಟೇಲರ, ಕಬ್ಬು ಹೊರುವುದೂ ಟೇಲರ.

ದೀಪಾವಳಿ ಕಳೆಯಿತೆಂದರೆ ಕಬ್ಬು ನುರಿಸುವ ಹಂಗಾಮು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಬೆಳೆಯೆಲ್ಲ ನಾಲ್ಕೈದು ತಿಂಗಳ ಕಾಲ ರಸ್ತೆಗೆ ಇಳಿಯುತ್ತದೆ. ೧೯೩೯ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರಖಾನೆಯಿಂದ ಮೊದಲುಗೊಂಡು ಆಮೇಲೆ ತಲೆಯೆತ್ತಿದ ಸಹಕಾರಿ ಮತ್ತು ಖಾಸಗಿ ಕಾರಖಾನೆಗಳವರೆಗೆ ಎಲ್ಲವುಗಳ ಬಾಗಿಲ ಮುಂದೆಯೂ ಸಾಲು. ಒಂದು ಟ್ರ್ಯಾಕ್ಟರು ಎರಡು ಟ್ರೇಲರುಗಳಲ್ಲಿ ೧೫–೨೦ ಟನ್ ಕಬ್ಬನ್ನು ಎಳೆದೊಯ್ಯುವುದು ಇಲ್ಲಿ ದಿನನಿತ್ಯದ ನೋಟ. ಏರು ಬಂದಾಗ ಹಿಂದಿನ ಹೊರೆಯ ಜಗ್ಗಿಗೆ ಅದರ ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೇಳುವುದುಂಟು. ಕಟ್ಟೆಯ ಮೇಲೆ ಕುಳಿತ ಹುಡುಗರು ಅದನ್ನು ಕಂಡು ಸಿಳ್ಳೆ ಹಾಕುತ್ತಾರೆ. ಹೊರಳಿಸುವ ಗಾಲಿಯೇ ಗಾಳಿಯಲ್ಲಿರುವಾಗ ಚಾಲಕನ ಕೈಯಲ್ಲಿರುವ ಚಕ್ರಕ್ಕೆ ಯಾವ ಅರ್ಥವೂ ಇಲ್ಲವೆಂಬುದು ಸಿಳ್ಳೆ ಹಾಕುವವರಿಗೆ ಹೊಳೆಯದು. ಎಳೆಯುವ ಶಕ್ತಿಯೊಂದಿದ್ದರೆ ಸಾಕು, ಮಿಕ್ಕದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆ ಈ ಸೀಮೆಯಲ್ಲಿ ಬೇರೂರಿದೆ.

ಆ ನಂಬಿಕೆ ನನ್ನ ಮನೆಯ ಬಾಗಿಲಿಗೂ ಬಂದಿತು. ನಾನು ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಕಲಿಸಿದವನು. ನಿಪ್ಪಾಣಿಯಲ್ಲಿರುವ ನನ್ನ ಅಕ್ಕನ ಮಗನಿಗೆ ೩೫೦ ಸಿ.ಸಿ.ಯ ಒಂದು ಮೋಟಾರ್ ಸೈಕಲ್ಲು ಉಂಟು. ಬಿಡುವು ಸಿಕ್ಕಾಗಲೆಲ್ಲ ಅದರ ಮೇಲೆ ಊರೂರು ತಿರುಗುವ ಹವ್ಯಾಸವೂ ಉಂಟು. ನಮ್ಮ ತಂದೆಯವರು ಮಾಘಮಾಸದಲ್ಲಿ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋಗುತ್ತಿದ್ದರು. ಮಹಾರಾಷ್ಟ್ರದ ಕಡೆಯಿಂದಲೂ ಸಾಲುಗಟ್ಟಿ ಚಕ್ಕಡಿಗಳು ಬರುವ ಜಾತ್ರೆ ಅದು. ಬಂಡಿಯಲ್ಲಿ ಒಲೆಯ ಕಟ್ಟಿಗೆ, ಹಿಟ್ಟಿನ ಡಬ್ಬಿ, ಜಮಖಾನೆ, ಎತ್ತುಗಳ ಹೊಟ್ಟು, ಅವುಗಳ ನಡುವೆ ನಾವು. ಹುಡುಗನು ಇದನ್ನೆಲ್ಲ ತಾಯಿಯ ಬಾಯಿಂದ ಕೇಳಿ ಬೆಳೆದವನು. ತಾನೂ ಹಾಗೆಯೇ ಸಂಸಾರದ ಸಾಮಾನನ್ನೆಲ್ಲ ಕಟ್ಟಿಕೊಂಡು ಚಿಂಚಲಿಗೆ ಹೋಗಬೇಕು, ಅಲ್ಲಿಂದ ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ ಉಗಾರ, ಅಥಣಿ, ಕೊಕಟನೂರಿನ ಎಲ್ಲಮ್ಮ ಎಂದು ನಾಲ್ಕು ದಿನ ತಿರುಗಬೇಕು, ಅದಕ್ಕೆ ಮೋಟಾರ್ ಸೈಕಲ್ಲಿನ ಹಿಂದೆ ಒಂದು ಟ್ರೇಲರ್ ಬೇಕು ಎಂದು ಅವನ ತಲೆಗೆ ಬಂದಿತು. ಬೆಸುಗೆಯ ಅಂಗಡಿಯವರು ಬರೆದುಕೊಟ್ಟ ಎರಡು ನಕ್ಷೆಗಳನ್ನೂ ಹೊರದೇಶದ ಒಂಟಿ ಗಾಲಿಯ ಗಾಡಿಯ ಒಂದು ಚಿತ್ರವನ್ನೂ ತಂದು ನನ್ನ ಮುಂದಿಟ್ಟು, “ಮಾಮಾ, ಈ ಮೂರರಾಗ ಯಾವುದು ಹೆಚ್ಚು ಸಾಮಾನು ಹಿಡೀತೈತಿ, ನೀವ ಹೇಳ್ರಿ” ಎಂದನು.

ಯಾವುದು ಹೆಚ್ಚು ಹಿಡಿಯುತ್ತದೆ ಎಂಬುದು ಚೀಲವನ್ನು ಕೊಳ್ಳುವಾಗ ಕೇಳತಕ್ಕ ಪ್ರಶ್ನೆ. ಗಾಡಿಯನ್ನು ಆರಿಸುವಾಗ ಕೇಳಬೇಕಾದುದು, ಮುಂದಿರುವುದು ಎಷ್ಟನ್ನು ತಡೆದು ನಿಲ್ಲಿಸಬಲ್ಲುದು ಎಂದು. ಇದನ್ನು ಅವನಿಗೆ ಸೂತ್ರದ ಮೂಲಕ ಹೇಳುವುದಕ್ಕಿಂತ ಚಕ್ಕಡಿಯ ಮೂಲಕ ಹೇಳುವುದು ಲೇಸೆಂದು ನನಗೆ ತೋರಿತು. ಏಕೆಂದರೆ ಹಿಂದೆ ಕಟ್ಟಿ ಎಳೆಯುವ ಗಾಡಿಯ ಶಾಸ್ತ್ರ ನಮ್ಮಲ್ಲಿ ಮೋಟಾರಿಗಿಂತ ಬಹಳ ಮೊದಲೇ ಪೂರ್ಣಗೊಂಡಿತ್ತು.

ಒಳ್ಳೆಯ ಒಂದು ಜೋಡಿ ಖಿಲಾರಿ ಎತ್ತುಗಳ ತೂಕ ಒಟ್ಟು ೮೦೦ ಕಿಲೋ ಎಂದು ಹಿಡಿಯೋಣ. ದಿನವಿಡೀ ದುಡಿಯುವ ಎತ್ತು ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಬಲವನ್ನು ಎಡೆಬಿಡದೆ ಹಾಕಬಲ್ಲುದು ಎಂಬುದು ಬಲ್ಲವರ ಲೆಕ್ಕ. ಅಂದರೆ ಜೋಡಿಗೆ ೮೦ ಕಿಲೋ. ರಬ್ಬರ್ ಟಾಯರಿನ ಗಾಡಿಯಲ್ಲಿ ಗಾಡಿಯೂ ಸೇರಿ ೨ ಟನ್ ಹೊರೆಯಿದ್ದರೆ, ಸಮನಾದ ಡಾಂಬರು ರಸ್ತೆಯ ಮೇಲೆ ಅದನ್ನು ಉರುಳಿಸಲು ೫೦ ಕಿಲೋದಷ್ಟು ಬಲ ಸಾಕು. ಎತ್ತುಗಳು ಸುಖವಾಗಿ ನಡೆಯುತ್ತವೆ. ಆದರೆ ೨೦ ಅಡಿಗೆ ಒಂದಡಿಯ ಏರು ಬಂದಿತೆನ್ನಿ. ಆ ಏರಿಗಾಗಿಯೇ ಮತ್ತೆ ೧೦೦ ಕಿಲೋ ಬೇಕು. ಸಾಕಿದವನು ಕೆಳಗಿಳಿದು ಗಾಲಿಗೆ ಹೆಗಲು ಕೊಡುವುದು ಆಗಲೇ. ಇದು ಎಲ್ಲರ ಕಣ್ಣಿಗೂ ಬೀಳುವ ಕಷ್ಟ. ಕಣ್ಣಿಗೆ ಬೀಳದ ಕಷ್ಟ ಅದೇ ದಿಣ್ಣೆಯ ಆಚೆಯ ಇಳಿಜಾರಿನಲ್ಲಿದೆ. ಅಲ್ಲಿ ೧೦೦ ಕಿಲೋ ಕೆಳಗೆ ದೂಡುತ್ತದೆ, ಉರುಳುವಿಕೆಯ ತಡೆ ಅದರಲ್ಲಿ ೫೦ನ್ನು ಮಾತ್ರ ನುಂಗುತ್ತದೆ. ಉಳಿದ ೫೦ ಕಿಲೋ ಬಲವನ್ನು ಎತ್ತುಗಳು ಹಿಂದಕ್ಕೆ ಹಿಡಿದುಕೊಂಡು ನಡೆಯಬೇಕು. ನೊಗ ಕೊರಳಿನಿಂದ ಸರಿದು ಕೋಡಿನ ಬುಡಕ್ಕೆ ಒತ್ತುತ್ತದೆ, ಗೊರಸು ಡಾಂಬರಿನ ಮೇಲೆ ಜಾರುತ್ತದೆ.

ಹಿಂದಿನ ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಇತ್ತು. ಅದು ರಸ್ತೆಯನ್ನು ಕೊರೆಯುತ್ತಿತ್ತು, ಎಳೆಯಲು ಭಾರವಾಗಿತ್ತು. ಆದರೆ ಆ ಭಾರವೇ ಇಳಿಜಾರಿನಲ್ಲಿ ಅರ್ಧ ಬ್ರೇಕಿನ ಕೆಲಸವನ್ನು ಮಾಡುತ್ತಿತ್ತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗೆಂದು ಗಾಳಿ ತುಂಬಿದ ಟಾಯರನ್ನು ಮಾಡಿದನು. ಅದು ಹರಿದು ಬಂದು ನಮ್ಮ ಎತ್ತಿನ ಗಾಡಿಗೂ ಏರಿತು. ಎಳೆಯುವುದು ಹಗುರವಾಯಿತು, ಹೊರೆ ಇಮ್ಮಡಿಯಾಯಿತು, ತಡೆಯುವ ಉಪಾಯ ಮಾತ್ರ ಹೆಚ್ಚಿನ ಗಾಡಿಗಳಿಗೆ ಬರಲೇ ಇಲ್ಲ. ೧೯೭೩ರಲ್ಲಿ ಆರಂಭವಾದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು ದೊಡ್ಡ ದೊಡ್ಡ ಉದ್ಯಮಗಳ ನಡುವೆ ಎತ್ತಿನ ಗಾಡಿಯನ್ನೂ ತಮ್ಮ ಅಧ್ಯಯನದ ವಿಷಯವನ್ನಾಗಿ ಎತ್ತಿಕೊಂಡು, ನೊಗದಿಂದ ಎತ್ತಿನ ಕೊರಳಿಗಾಗುವ ಹುಣ್ಣಿನ ಕಡೆಗೆ ನಾಡಿನ ಗಮನವನ್ನು ಸೆಳೆದವರು. ನಿರ್ವಹಣೆಯೆಂಬ ಶಾಸ್ತ್ರದ ದೊಡ್ಡತನವಿದ್ದರೆ ಅದು ಇಂಥ ಕಡೆ ಇದೆ ಎಂಬುದು ನನ್ನ ಭಾವನೆ.

ಹುಡುಗನನ್ನು ಕರೆದುಕೊಂಡು ನಾನು ರಾಯಬಾಗದ ಕಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿ ಎಂಬತ್ತು ದಾಟಿದ ಒಬ್ಬ ಬಡಿಗ ಅಜ್ಜ ಇದ್ದಾರೆ. ಹರೆಯದಲ್ಲಿ ಅವರು ಮಾಡಿದ ಚಕ್ಕಡಿಗಳು ಇನ್ನೂ ಕೆಲವು ಮನೆಗಳ ಹಿತ್ತಿಲಲ್ಲಿ ಮೂಕಿ ಮೇಲೆತ್ತಿ ನಿಂತಿವೆ. ಅಜ್ಜ ನಕ್ಷೆಗಳನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು, ಹಾಳೆಯನ್ನು ತಿರುಗಿಸಿ ಮತ್ತೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ಮಾಸ್ತರ, ಇದರ ಮುಂಬಾರ ಎಷ್ಟು?”

ಪೇಟೆಯ ಕೇಳುಗರಿಗಾಗಿ ಈ ಶಬ್ದವನ್ನು ಬಿಡಿಸಿ ಹೇಳಬೇಕು. ಎರಡು ಗಾಲಿಯ ಗಾಡಿ ಎಂದರೆ ತಕ್ಕಡಿ. ಅಚ್ಚೇ ಅದರ ನಡುಮುಳ್ಳು. ಹೊರೆ ಅಚ್ಚಿನ ಮುಂದೆ ಹೆಚ್ಚಾಗಿದ್ದರೆ ಮೂಕಿ ಕೆಳಗೆ ಒತ್ತುತ್ತದೆ, ಎತ್ತಿನ ಕೊರಳ ಮೇಲೆ ಭಾರ ಕೂರುತ್ತದೆ, ಅದು ಮುಂಭಾರ. ಅಚ್ಚಿನ ಹಿಂದೆ ಹೆಚ್ಚಾಗಿದ್ದರೆ ಮೂಕಿ ಮೇಲೇಳುತ್ತದೆ, ನೊಗ ಮೇಲಕ್ಕೆದ್ದು ಕೊರಳ ಕೆಳಗಿನ ಪಟ್ಟಿ ಗಂಟಲನ್ನು ಹಿಸುಕುತ್ತದೆ, ಅದು ಹಿಂಭಾರ. ಗಾಡಿ ಹೊಡೆಯುವವನು ಹೊರೆ ಹೇರಿದ ಮೇಲೆ ನೊಗವನ್ನು ಒಂದು ಕೈಯಿಂದ ಎತ್ತಿ ನೋಡುತ್ತಾನೆ. ಕೈಗೆ ತುಸು ಭಾರ ಹತ್ತಬೇಕು, ಆದರೆ ಮೊಣಕೈ ನಡುಗಬಾರದು. ಸರಿಯಾಗದಿದ್ದರೆ ಎರಡು ಚೀಲಗಳನ್ನು ಹಿಂದಕ್ಕೆ ಸರಿಸುತ್ತಾನೆ, ಇಲ್ಲವೆ ತಾನೇ ಮುಂದಕ್ಕೆ ಜರುಗಿ ಕೂರುತ್ತಾನೆ. ಕೊಂಡಿಯ ಮೇಲೆ ಟ್ರೇಲರಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲಿನಷ್ಟು, ಹೆಚ್ಚೆಂದರೆ ಅದಕ್ಕೂ ತುಸು ಹೆಚ್ಚು ಭಾರ ಬೀಳಬೇಕು ಎಂದು ಮೋಟಾರು ಶಾಸ್ತ್ರದವರು ಹೇಳುವ ನಿಯಮ ಈ ಕೈಲೆಕ್ಕದ ಇನ್ನೊಂದು ರೂಪವೇ. ಹೊರೆಯೂ ಸೇರಿ ೮೦ ಕಿಲೋ ಟ್ರೇಲರಾದರೆ ಕೊಂಡಿಯ ಮೇಲೆ ೮ ಕಿಲೋ. ಒಂದು ಸಣ್ಣ ಕೊಡ ನೀರಿನಷ್ಟು.

ಎತ್ತುಗಳ ವಿಷಯದಲ್ಲಿ ಹಿಂಭಾರ ಬರಿಯ ಹಿಂಸೆ. ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಅದು ಅಪಾಯ. ಹಿಂಭಾರವಾದ ಟ್ರೇಲರ್ ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿಯನ್ನು ಸದಾ ಮೇಲಕ್ಕೆ ಎತ್ತುತ್ತಿರುತ್ತದೆ. ನೆಲದ ಹಿಡಿತ ಸಡಿಲವಾಗುತ್ತದೆ. ವೇಗ ಹೆಚ್ಚಿದಂತೆ ಟ್ರೇಲರ್ ನಾಯಿಯ ಬಾಲದಂತೆ ಅತ್ತಿತ್ತ ಬಡಿದುಕೊಳ್ಳತೊಡಗುತ್ತದೆ. ಒಂದೊಂದು ಬಡಿತವೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಬಾಲವೇ ನಾಯಿಯನ್ನು ಕೆಡವುತ್ತದೆ. ಹುಡುಗ ತಂದಿದ್ದ ಮೊದಲ ನಕ್ಷೆಯಲ್ಲಿ ಅಚ್ಚು ಪೆಟ್ಟಿಗೆಯ ನಟ್ಟನಡುವಿಗಿಂತ ಮುಂದೆ ಇತ್ತು, ಒಲೆ ಮತ್ತು ಪಾತ್ರೆಗಳ ಖಾನೆ ಹಿಂತುದಿಯಲ್ಲಿತ್ತು. ಅಜ್ಜ ಅದರ ಮೇಲೆ ಉಗುರಿನಿಂದ ಗೀರಿ, “ಇದನ್ನ ಒಲಿಗೆ ಹಾಕ್ರಿ” ಎಂದರು.

ಅವರು ತೋರಿಸಿದ ಇನ್ನೊಂದು ಸಂಗತಿ ನನಗೂ ಮೆಚ್ಚುಗೆಯಾಯಿತು. ಚಕ್ಕಡಿಯ ನೊಗವನ್ನು ಮೂಕಿಗೆ ಮೊಳೆ ಹೊಡೆದು ಜಡಿಯುವುದಿಲ್ಲ. ಚರ್ಮದ ಮಿಣಿಯಿಂದಲೋ ಹಗ್ಗದಿಂದಲೋ ಬಿಗಿಯುತ್ತಾರೆ. ಒಂದು ಎತ್ತು ತಗ್ಗಿನಲ್ಲಿ, ಇನ್ನೊಂದು ದಿಬ್ಬದಲ್ಲಿ ಕಾಲಿಟ್ಟಾಗ ನೊಗ ವಾಲುತ್ತದೆ, ಗಾಡಿ ವಾಲುವುದಿಲ್ಲ. ಮೋಟಾರ್ ಸೈಕಲ್ಲು ಹೊರಳುವಾಗಲೆಲ್ಲ ಒಂದು ಮಗ್ಗುಲಿಗೆ ಬಾಗಲೇಬೇಕಾದ ವಾಹನ. ಅದರ ಹಿಂದಿನ ಎರಡು ಗಾಲಿಯ ಟ್ರೇಲರು ಬಾಗಲಾರದು. ಆದುದರಿಂದ ಇವೆರಡರ ನಡುವಿನ ಕೊಂಡಿ ಅತ್ತಿತ್ತ ಹೊರಳುವುದು, ಮೇಲೆ ಕೆಳಗೆ ಆಡುವುದು ಅಷ್ಟೇ ಅಲ್ಲ, ಮೂಕಿಯ ಉದ್ದಕ್ಕೆ ಬುಗುರಿಯಂತೆ ತಿರುಗುವಂತೆಯೂ ಇರಬೇಕು. ಟ್ರ್ಯಾಕ್ಟರಿಗೆ ಮಾಡಿ ರೂಢಿಯಾದ ಬೆಸುಗೆಯವನು ಒಂದು ಪಿನ್ನು ತೂರಿಸಿ ಬಿಡುತ್ತಾನೆ. ನಾಲ್ಕು ಗಾಲಿಯ ಟ್ರ್ಯಾಕ್ಟರು ಬಾಗುವುದಿಲ್ಲವಾದುದರಿಂದ ಅದು ಅಲ್ಲಿ ನಡೆಯುತ್ತದೆ. ಮೋಟಾರ್ ಸೈಕಲ್ಲಿಗೆ ಅದು ಸಲ್ಲದು. ಎರಡನೆಯ ನಕ್ಷೆಯಲ್ಲಿದ್ದುದು ಆ ಪಿನ್ನೇ.

ಇನ್ನು ಒಂಟಿ ಗಾಲಿಯ ಗಾಡಿ. ಇದರ ಹಿಂದೆ ಒಂದು ಸ್ವಾರಸ್ಯದ ಇತಿಹಾಸವಿದೆ. ಮೋಟಾರ್ ಸೈಕಲ್ಲಿನ ಮೊದಲ ದಿನಗಳಲ್ಲಿ, ಅಂದರೆ ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದಾಗ, ಯುರೋಪಿನ ಗೃಹಸ್ಥರು ಬೆತ್ತದ ಕುರ್ಚಿಯೊಂದಕ್ಕೆ ಗಾಲಿ ಹಚ್ಚಿ ಹೆಂಡತಿಯನ್ನು ಅದರಲ್ಲಿ ಕೂರಿಸಿ ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ರಸ್ತೆಯ ಧೂಳೆಲ್ಲ, ಎಂಜಿನ್ನಿನ ಹೊಗೆಯೆಲ್ಲ ಆ ತಾಯಿಯ ಮುಖಕ್ಕೆ. ಮಾತು ಕೇಳಿಸದು, ಮುಖ ಕಾಣದು. ಈ ಏರ್ಪಾಡು ಬಹುಕಾಲ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರುಷಗಳಲ್ಲಿಯೇ ಆ ಕುರ್ಚಿ ಹಿಂದಿನಿಂದ ಪಕ್ಕಕ್ಕೆ ಸರಿದು ಸೈಡ್‌ಕಾರ್ ಎನಿಸಿತು. ಹಿಂದಿನ ಜಾಗ ಸಾಮಾನಿಗೆ ಮಾತ್ರ ಉಳಿಯಿತು. ೧೯೬೦ರ ಆಸುಪಾಸಿನಲ್ಲಿ ಚೆಕೊಸ್ಲೊವಾಕಿಯದಲ್ಲಿ ಜಾವಾ ಮೋಟಾರ್ ಸೈಕಲ್ಲಿಗೆ ಕಟ್ಟಲೆಂದೇ ‘ಪಾವ್’ ಎಂಬ ಒಂಟಿ ಗಾಲಿಯ ಪುಟ್ಟ ಟ್ರೇಲರು ತಯಾರಾಯಿತು. ಅದೇ ಜಾವಾ ೧೯೬೧ರಿಂದ ನಮ್ಮ ಮೈಸೂರಿನಲ್ಲಿಯೂ ತಯಾರಾಗಿ, ಮುಂದೆ ಯೆಜ್ದಿ ಎಂಬ ಹೆಸರು ತಳೆದು, ೧೯೯೬ರಲ್ಲಿ ಆ ಕಾರಖಾನೆ ಮುಚ್ಚುವವರೆಗೆ ನಾಡಿನ ಹಾದಿಗಳಲ್ಲಿ ಸದ್ದು ಮಾಡಿದ್ದನ್ನು ಹಲವರು ಬಲ್ಲಿರಿ.

ಒಂಟಿ ಗಾಲಿಯ ಗಾಡಿಯ ಗುಣವೆಂದರೆ ಅದು ಮೋಟಾರ್ ಸೈಕಲ್ಲಿನ ಜೊತೆಗೇ ಬಾಗುತ್ತದೆ, ಅದು ನಡೆದ 
ಗೆರೆಯಲ್ಲಿಯೇ ನಡೆಯುತ್ತದೆ. ಇದು ನಮ್ಮ ಸೀಮೆಯಲ್ಲಿ ಸಣ್ಣ ಗುಣವಲ್ಲ. ಕಾಗವಾಡ, ಅಥಣಿಗಳ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಬಿದ್ದ ಗಾಡಿಜಾಡು ಬೇಸಿಗೆಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಚಕ್ಕಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಗಲದವಾದುದರಿಂದ ಅವು ಆ ಜಾಡಿನಲ್ಲಿ ಹಳಿಯ ಮೇಲಿನ ರೈಲಿನಂತೆ ಹೋಗುತ್ತವೆ. ಮೋಟಾರ್ ಸೈಕಲ್ಲು ಒಂದು ಜಾಡನ್ನು ಹಿಡಿದು ಹೋಗುತ್ತದೆ. ಆಗ ಅದರ ಹಿಂದಿನ ಎರಡು ಗಾಲಿಯ ಗಿಡ್ಡ ಟ್ರೇಲರಿಗೆ ಒಂದು ಗಾಲಿ ನಡುವಿನ ದಿಂಡಿನ ಮೇಲೆ, ಇನ್ನೊಂದು ಹೊಲದ ಬದುವಿನ ಮೇಲೆ! ಆದರೆ ಒಂಟಿ ಗಾಲಿಯದಕ್ಕೆ ದೋಷವೂ ಉಂಟು. ಅದು ತನ್ನ ಕಾಲ ಮೇಲೆ ತಾನು ನಿಲ್ಲಲಾರದು. ನಿಂತಾಗಲೂ ನಡೆಯುವಾಗಲೂ ಅದನ್ನು ಎತ್ತಿ ಹಿಡಿಯುವ ಕೆಲಸ ಸವಾರನದೇ. ಆದುದರಿಂದ ಅದರ ಹೊರೆ ಅಲ್ಪವಾಗಿರಬೇಕು. ಅಲ್ಪವೇ ಆದರೆ ಗಾಡಿಯೇ ಏಕೆ? ನಮ್ಮ ಹಾಲಿನವರು ಮೋಟಾರ್ ಸೈಕಲ್ಲಿನ ಎರಡೂ ಮಗ್ಗುಲಿಗೆ ೪೦ ಲೀಟರಿನ ಒಂದೊಂದು ಕ್ಯಾನು ತೂಗುಹಾಕಿಕೊಂಡು ಬೆಳಗಿನ ಜಾವಕ್ಕೇ ಡೇರಿ ಮುಟ್ಟುವುದಿಲ್ಲವೆ? ಎರಡು ಮಗ್ಗುಲಿನ ತೂಕ ಸಮವಾಗಿದ್ದರೆ ಅದಕ್ಕಿಂತ ಸರಳವಾದ ಏರ್ಪಾಡು ಇನ್ನೊಂದಿಲ್ಲ.

ಇನ್ನು ತಡೆಯುವ ಮಾತು. ಮೋಟಾರ್ ಸೈಕಲ್ಲು ೧೯೦ ಕಿಲೋ, ಸವಾರ ೭೦ ಕಿಲೋ, ಒಟ್ಟು ೨೬೦. ಗಂಟೆಗೆ ೫೦ ಕಿಲೋಮೀಟರಿನಲ್ಲಿ ಹೋಗುವ ಇದು ಒಣರಸ್ತೆಯಲ್ಲಿ ಬ್ರೇಕು ಹಿಡಿದಲ್ಲಿಂದ ಸುಮಾರು ೧೬ ಮೀಟರಿಗೆ ನಿಲ್ಲುತ್ತದೆ ಎನ್ನೋಣ. ಬ್ರೇಕಿಲ್ಲದ ೮೦ ಕಿಲೋ ಟ್ರೇಲರನ್ನು ಹಿಂದೆ ಕಟ್ಟಿದರೆ ಅದೇ ಹಿಡಿತ ೩೪೦ ಕಿಲೋವನ್ನು ತಡೆಯಬೇಕು. ೧೬ ಇದ್ದುದು ೨೧ ಮೀಟರಾಗುತ್ತದೆ. ಹೆಚ್ಚಾದುದು ಐದೇ ಮೀಟರು. ಆದರೆ ಕಬ್ಬಿನ ಹಂಗಾಮಿನ ಮುಸ್ಸಂಜೆಯಲ್ಲಿ, ದೀಪವಿಲ್ಲದೆ, ಹಿಂದೆ ಒಂದು ಕೆಂಪು ಬಟ್ಟೆಯೂ ಇಲ್ಲದೆ, ಟಾಯರು ಒಡೆದು ರಸ್ತೆಯ ಮೇಲೆಯೇ ನಿಂತ ಟ್ರೇಲರಿನಿಂದ ಹೊರಚಾಚಿದ ಕಬ್ಬಿನ ತುದಿಗಳು ಆ ಐದು ಮೀಟರಿನೊಳಗೆ ಇರುತ್ತವೆ. ಹೀಗೆ ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಬಡಿದು ಸತ್ತ ಸವಾರರ ಸುದ್ದಿಯಿಲ್ಲದೆ ನಮ್ಮಲ್ಲಿ ಹಂಗಾಮು ಮುಗಿಯುವುದಿಲ್ಲ. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳಾಗಿದ್ದವರು. ವೇಗ, ದೂರ, ತಡೆ ಇವುಗಳ ಸಂಬಂಧವನ್ನು ಕರಿಹಲಗೆಯ ಮೇಲೆ ಅವರಿಂದಲೇ ಬಿಡಿಸಿದ್ದೆ. ಎದುರಿಗೆ ನಿಂತಿರುವುದು ಕಣ್ಣಿಗೇ ಕಾಣದಿದ್ದರೆ ಯಾವ ಸಮೀಕರಣವೂ ಕೈಹಿಡಿಯಲಾರದು.

ಇಳಿಜಾರಿನಲ್ಲಿ, ತಿರುವಿನಲ್ಲಿ ಈ ಲೆಕ್ಕ ಇನ್ನೂ ಕಠಿನ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿಯ ಬಳಿಯ ತವಂದಿ ಘಾಟನ್ನು ಇಳಿದವರು ಬಲ್ಲರು. ಬಾಗಿ ಹೊರಳುತ್ತಿರುವಾಗ ಬ್ರೇಕು ಒತ್ತಿದರೆ ಮೋಟಾರ್ ಸೈಕಲ್ಲು ನಿಧಾನವಾಗುತ್ತದೆ, ಟ್ರೇಲರು ನಿಧಾನವಾಗಲು ಒಪ್ಪುವುದಿಲ್ಲ. ಹಿಂದಿನಿಂದ ದೂಡಿ ಹಿಂಗಾಲಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡೂ ಸೇರಿ ಅಡಕತ್ತರಿಯಂತೆ ಮಡಚಿಕೊಳ್ಳುತ್ತವೆ. ಆದುದರಿಂದ ತೂಕಕ್ಕೆ ಒಂದು ಮಿತಿ ಬೇಕು. ಬ್ರಿಟನ್ನಿನಲ್ಲಿ ಈ ಮಿತಿ ಬರೆದಿಟ್ಟದ್ದೇ ಇದೆ: ಹೊರೆಯೂ ಸೇರಿ ಟ್ರೇಲರಿನ ತೂಕ ೧೫೦ ಕಿಲೋವನ್ನೂ ಮೀರಬಾರದು, ಮೋಟಾರ್ ಸೈಕಲ್ಲಿನ ತೂಕದ ಮೂರರಲ್ಲಿ ಎರಡು ಪಾಲನ್ನೂ ಮೀರಬಾರದು, ಅಗಲ ಒಂದು ಮೀಟರಿನೊಳಗಿರಬೇಕು. ನಮ್ಮ ಹುಡುಗನ ಗಾಡಿಗೆ ಆ ಲೆಕ್ಕದಲ್ಲಿ ೧೨೬ ಕಿಲೋ ಬರುತ್ತದೆ. ಅಲ್ಲಿಯ ರಸ್ತೆಗೆ ಅದು ಸರಿಯಿರಬಹುದು. ಇಲ್ಲಿಯ ರಸ್ತೆಗೆ, ಇಲ್ಲಿಯ ಮುಸ್ಸಂಜೆಗೆ, ಅದರ ಅರ್ಧವನ್ನು ನಾನು ಒಪ್ಪೇನು, ಹೆಚ್ಚನ್ನು ಒಪ್ಪಲಾರೆ. ಹೀಗೆಂದಾಗ ಹುಡುಗನ ಮುಖ ಸಣ್ಣದಾಯಿತು. ಬೆಸುಗೆಯವನು ಹೇಳಿದ ಆಂಗಲ್ ಕಬ್ಬಿಣದ ಚೌಕಟ್ಟು, ದಪ್ಪ ತಗಡು, ಸ್ಕೂಟರಿನ ಗಾಲಿ ಇವುಗಳ ತೂಕವೇ ೭೦ ಕಿಲೋ ಆಗುತ್ತಿತ್ತು. ಅಂಥ ಗಾಡಿಯಲ್ಲಿ ಒಯ್ಯುವುದು ಗಾಡಿಯನ್ನೇ ಹೊರತು ಸಾಮಾನನ್ನಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಮೋಟಾರು ವಾಹನ ಎಂಬ ಶಬ್ದದೊಳಗೆ ಟ್ರೇಲರೂ ಸೇರುತ್ತದೆ. ಎಂಜಿನ್ನಿಲ್ಲದ, ತಾನಾಗಿ ಒಂದು ಗೇಣೂ ಚಲಿಸಲಾರದ ಪೆಟ್ಟಿಗೆ ಕಾನೂನಿನ ಕಣ್ಣಿಗೆ ಮೋಟಾರು ವಾಹನ! ನಗೆ ಬರುವಂಥದೆನಿಸಿದರೂ ಇದರಲ್ಲಿ ವಿವೇಕವಿದೆ. ಬಡಿದಾಗ ಅದು ಎಂಜಿನ್ನಿದ್ದುದರಂತೆಯೇ ಬಡಿಯುತ್ತದೆ. ಹೀಗಾಗಿ ಮನೆಯಲ್ಲಿ ಮಾಡಿಸಿದ ಟ್ರೇಲರನ್ನು ಕಟ್ಟಿಕೊಂಡು ನೇರವಾಗಿ ಹೆದ್ದಾರಿಗೆ ಇಳಿಯುವಂತಿಲ್ಲ. ನೋಂದಣಿಯ ಅಧಿಕಾರಿಗಳನ್ನು ಮೊದಲು ಕೇಳಬೇಕು.

ಈ ನಡುವೆ ಅಕ್ಕ ನಮ್ಮ ಮನೆಗೆ ಬಂದಳು. ಎಪ್ಪತ್ತೆರಡು ವಯಸ್ಸು, ಮೊಣಕಾಲು ನೋವು. ಮಗನ ಹಿಂದಿನ ಸೀಟನ್ನು ಏರುವುದು ಅವಳಿಂದಾಗದು. ಚಹಾ ಕುಡಿದು ಬಟ್ಟಲನ್ನು ಕೆಳಗಿಟ್ಟವಳೇ, “ತಮ್ಮಾ, ಅದರಾಗ ಒಂದು ಗಾದಿ ಹಾಕಿದ್ರ ನಾನೂ ಕುಂಡ್ರಬಹುದಲ್ಲೋ? ಅಪ್ಪನ ಬಂಡ್ಯಾಗ ಹಂಗ ಕುಂಡ್ರತಿದ್ವಿ” ಎಂದಳು. ಹುಡುಗನು ನನ್ನ ಮುಖವನ್ನು ನೋಡಲಿಲ್ಲ. ಪೆಟ್ಟಿಗೆ ಅಷ್ಟು ದೊಡ್ಡದೇಕೆ ಬೇಕಾಗಿತ್ತೆಂಬುದು ಆಗ ನನಗೆ ತಿಳಿಯಿತು.

ಯುರೋಪಿನವರ ಬೆತ್ತದ ಕುರ್ಚಿಯ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಅದಕ್ಕೆ ಬಗ್ಗಲಿಲ್ಲ, “ಧೂಳು ನಮಗೇನು ಹೊಸದು?” ಎಂದಳು. ಆಗ ಬಂಡಿಯ ಮಾತನ್ನೇ ಎತ್ತಬೇಕಾಯಿತು. “ಅಕ್ಕಾ, ಅಪ್ಪನ ಬಂಡಿಯನ್ನು ಎಳೆಯುತ್ತಿದ್ದುವು ಎರಡು ಜೀವ. ತಗ್ಗು ಬಂದರೆ ತಾವೇ ತಡೆದು ನಿಲ್ಲುತ್ತಿದ್ದುವು, ಗಾಲಿ ಕಲ್ಲಿಗೆ ಏರಿದರೆ ಅವಕ್ಕೆ ಮೊದಲು ಗೊತ್ತಾಗುತ್ತಿತ್ತು. ಮೋಟಾರ್ ಸೈಕಲ್ಲಿಗೆ ತನ್ನ ಹಿಂದೆ ಯಾರು ಕುಳಿತಿದ್ದಾರೆಂದು ಗೊತ್ತಿಲ್ಲ. ಕೊಂಡಿ ಕಳಚಿದರೆ ನಿನ್ನ ಮಗನಿಗೂ ಗೊತ್ತಾಗುವುದು ಮುಂದಿನ ಊರಿನಲ್ಲಿ.” ಅವಳು ಬಹಳ ಹೊತ್ತು ಸುಮ್ಮನಿದ್ದು, “ಅಂದ್ರ ಸಾಮಾನಷ್ಟ ಹೋಗ್ತಾವು, ನಾನು ಹೋಗೂದಿಲ್ಲ” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನೇ ಹೇಳಿದನು: “ಅವ್ವಾ, ನೀನು ಮಾಮಾನ ಜೋಡಿ ರೈಲಿಗೆ ಬಾ. ಚಿಂಚಲಿಗೆ ಸ್ಟೇಶನ್ ಐತಿ. ನಾ ಒಲಿ ಹೂಡಿ ಕಾಯ್ತಿರ್ತೀನಿ.”

ಪೆಟ್ಟಿಗೆಯಲ್ಲಿ ತಾಯಿ ಕೂರುವುದಿಲ್ಲವೆಂದಾದ ಮೇಲೆ ಆಯ್ಕೆ ಸುಲಭವಾಯಿತು. ಕೊಳವೆಯ ಹಗುರ ಚೌಕಟ್ಟು, ತಳಕ್ಕೆ ಪ್ಲೈವುಡ್ಡು, ಮೇಲೆ ತಾಡಪತ್ರಿ. ಹಳೆಯ ಮೊಪೆಡ್ಡಿನ ೧೬ ಅಂಗುಲದ ಎರಡು ಗಾಲಿಗಳು. ಸ್ಕೂಟರಿನ ಸಣ್ಣ ಗಾಲಿ ಇಡಿಯಾಗಿ ಬೀಳುವ ಗುಂಡಿಯನ್ನು ಇವು ದಾಟಿಕೊಳ್ಳುತ್ತವೆ. ಅಗಲ ಹ್ಯಾಂಡಲಿಗಿಂತ ನಾಲ್ಕು ಬೆರಳು ಕಡಿಮೆ, ಏಕೆಂದರೆ ಹ್ಯಾಂಡಲು ನುಸುಳಿದಲ್ಲಿ ಅದೂ ನುಸುಳಬೇಕು. ಹೊಲದ ಜಾಡುಗಳನ್ನು ಹೊರತಾಗಿ ಊರಿನ ಹಾದಿಗೆ ಒಂಟಿ ಗಾಲಿಗಿಂತ ಇದು ಲೇಸೆಂದು ಕೊನೆಗೆ ನಾವಿಬ್ಬರೂ ಒಪ್ಪಿದೆವು. ಮೂಕಿಯನ್ನು ಅಜ್ಜನ ಮಾತಿನಂತೆ ಉದ್ದವಾಗಿಯೇ ಬಿಟ್ಟೆವು. ಗಿಡ್ಡ ಮೂಕಿಯ ಗಾಡಿ ಬೇಗ ಹೊಯ್ದಾಡುತ್ತದೆ. ಕೊಂಡಿ ಮೂರೂ ದಿಕ್ಕಿಗೆ ತಿರುಗುವಂಥದು; ಅದು ಹಿಂಗಾಲಿಯ ಅಚ್ಚಿಗೆ ಆದಷ್ಟು ಹತ್ತಿರ, ಆದಷ್ಟು ಕೆಳಗೆ. ಕೊಂಡಿಯ ಜೊತೆಗೆ ಒಂದು ಸರಪಳಿ. ಖಾಲಿ ಗಾಡಿ ೨೬ ಕಿಲೋ ತೂಗಿತು. ಹಿಂಬದಿಯ ಹಲಗೆಯ ಮೇಲೆ ‘ಹೊರೆ ೩೫ ಕಿಲೋ’ ಎಂದು ಹುಡುಗ ತಾನೇ ಬಣ್ಣದಲ್ಲಿ ಬರೆದನು.

ಅಜ್ಜನನ್ನು ಕರೆತಂದು ತೋರಿಸಿದೆವು. ಒಲೆ, ಪಾತ್ರೆ, ಹಿಟ್ಟಿನ ಡಬ್ಬಿ, ಗುಡಾರದ ಬಟ್ಟೆಯನ್ನೆಲ್ಲ ಹೇರಿ, ಮೂಕಿಯನ್ನು ಅವರು ಒಂದು ಕೈಯಿಂದ ಎತ್ತಿದರು. ಕಣ್ಣು ಮುಚ್ಚಿ ಒಂದು ಕ್ಷಣ ಹಿಡಿದುಕೊಂಡರು. ಹಿಟ್ಟಿನ ಡಬ್ಬಿಯನ್ನು ಒಂದು ಗೇಣು ಮುಂದಕ್ಕೆ ಸರಿಸಲು ಹೇಳಿ, ಮತ್ತೆ ಎತ್ತಿ ನೋಡಿ, “ಹಾಂ, ಈಗ ಮುಂಬಾರ ಬಂತು” ಎಂದರು. ಅವರು ಹೋದ ಮೇಲೆ ನಾನು ತೂಗುವ ಕೊಕ್ಕೆ ಹಾಕಿ ನೋಡಿದೆ: ೬ ಕಿಲೋಕ್ಕೆ ತುಸು ಮೇಲೆ. ಒಟ್ಟು ತೂಕ ೬೧.

ನೋಂದಣಿಯ ವಿಷಯವಾಗಿ ಹುಡುಗ ಅರ್ಜಿ ಕೊಟ್ಟಿದ್ದಾನೆ. ಉತ್ತರ ಬರುವವರೆಗೆ ಗಾಡಿ ಬಾವಿಯಿಂದ ಮನೆಯವರೆಗಿನ ಸ್ವಂತ ಹೊಲದ ದಾರಿಯಲ್ಲಿ ಮಾತ್ರ ಓಡುತ್ತಿದೆ. ಈ ಮಾಘದಲ್ಲಿ ಒಲೆ, ಡಬ್ಬಿಗಳು ಮೋಟಾರ್ ಸೈಕಲ್ಲಿನ ಎರಡು ಮಗ್ಗುಲಿನ ಚೀಲಗಳಲ್ಲಿ ಚಿಂಚಲಿಗೆ ಹೋದುವು. ಅಕ್ಕ ಮತ್ತು ನಾನು ರೈಲಿನಲ್ಲಿ ಹೋದೆವು. ಟ್ರೇಲರಿನ ಬೆನ್ನಿಗೆ ಅಂಟಿಸಲೆಂದು ಅವನು ಬೆಳಕಿಗೆ ಹೊಳೆಯುವ ಕೆಂಪು ಹಾಳೆಯ ಒಂದು ಸುರುಳಿಯನ್ನೇ ತಂದಿದ್ದನು. ಬೇಕಾದದ್ದು ಎರಡು ಗೇಣು. ಉಳಿದುದನ್ನು ಕತ್ತರಿಸಿಟ್ಟುಕೊಂಡು, ಸಂಜೆಯ ಹೊತ್ತು ಕಾಟಾದ ಮುಂದೆ ಸಾಲಾಗಿ ನಿಲ್ಲುವ ಕಬ್ಬಿನ ಗಾಡಿಗಳ ಹಿಂದೆ ಒಂದೊಂದಾಗಿ ಅಂಟಿಸುತ್ತಿದ್ದಾನೆ. ಗಾಡಿಯವರು ಬೇಡವೆನ್ನುವುದಿಲ್ಲ, ಒಬ್ಬಿಬ್ಬರು ಎತ್ತಿನ ಕೋಡಿಗೂ ಒಂದು ಚೂರು ಕೇಳಿದರಂತೆ.